ಮೊದಲು ಮ್ಯಾಟ್, ಸ್ವಿಂಗ್ ಟ್ರೇನರ್ ಆಮೇಲೆ

ಶಿರಸಿಯ ಮನೆಯಲ್ಲಿ ಗಾಲ್ಫ್ ಅಭ್ಯಾಸಕ್ಕೆ ಪಟಿಂಗ್ ಮ್ಯಾಟ್ (ಚೆಂಡನ್ನು ಮೆಲ್ಲಗೆ ಗುಂಡಿಗೆ ಉರುಳಿಸಿ ಕಲಿಯುವ ಹಾಸು) ಒಳ್ಳೆಯದೋ, ಸ್ವಿಂಗ್ ಟ್ರೇನರೋ (ಕೋಲು ಬೀಸುವುದನ್ನು ಕಲಿಸುವ ಸಾಮಾನು) ಎಂದು ಕೇಳಿದ್ದೀರಿ. ನಾನು ಕಾರವಾರದವನು, ಎರಡನ್ನೂ ಕೊಂಡು ನೋಡಿದ್ದೇನೆ. ಸದ್ಯಕ್ಕೆ ಮ್ಯಾಟ್ ಸಾಕು.

ನಾನು ನೋಡುವುದು ಒಂದೇ. ತಪ್ಪು ಹೊಡೆದರೆ ಆ ಸಾಮಾನು ಅಲ್ಲೇ ತಿಳಿಸುತ್ತದಾ? ಚೆಂಡನ್ನು ವಾಪಸ್ ಕಳಿಸುವ ಮ್ಯಾಟ್ ನೋಡಲು ಚೆಂದ, ಆದರೆ ಕೊನೆಯಲ್ಲಿ ಏರು ಇರುತ್ತದೆ. ಅದನ್ನು ಹತ್ತಿಸಲು ಜೋರಾಗಿ ಹೊಡೆಯುವ ಚಾಳಿ ಬೀಳುತ್ತದೆ. ನನಗೆ ಆದದ್ದೂ ಅದೇ. ಸಪಾಟಾದದ್ದನ್ನೇ ಹುಡುಕಿ. ಮ್ಯಾಟಿನ ಗುಂಡಿಯನ್ನು ಟೇಪು ಹಿಡಿದು ಅಳೆಯಿರಿ. ಮೈದಾನದ ಗುಂಡಿ 108 ಮಿ.ಮೀ. ಅಗಲ. ಬಿಚ್ಚಿ ಹಾಸಿದ ಮೇಲೂ ಸುಕ್ಕು ಉಳಿದರೆ ಚೆಂಡು ಅಲ್ಲೇ ಓರೆಯಾಗುತ್ತದೆ.

ಕೊಳ್ಳುವ ಮುಂಚೆ ಒಂದು ವಾರ ಹೀಗೆ ಮಾಡಿ. ಪಟರ್ (ಚೆಂಡು ಉರುಳಿಸುವ ಕೋಲು) ತಲೆಗಿಂತ ಬೆರಳಗಲ ಜಾಸ್ತಿ ಜಾಗ ಬಿಟ್ಟು ನೆಲದ ಮೇಲೆ ಎರಡು ಗೋಟಡಿಕೆ ಇಡಿ. ನಡುವೆ ಪಟರ್ ಬೀಸಿ. ಅಡಿಕೆ ಉರುಳಿತೋ, ಬೀಸು ಓರೆ. (ಈಗಿನ ಅಡಿಕೆ ರೇಟಿಗೆ ಹುಣಸೆ ಬೀಜವೂ ನಡೆದೀತು!)

ಸ್ವಿಂಗ್ ಟ್ರೇನರ್ ಬೇಕೇ ಬೇಕೆಂದರೆ ಮಾಡಿನ ಎತ್ತರ ನೋಡಿಕೊಳ್ಳಿ. ನಾನು ಒಂದು ಬಲ್ಬು ಒಡೆದಿದ್ದೇನೆ. ಮತ್ತೆ, ಮಳೆಗಾಲದಲ್ಲಿ ಮ್ಯಾಟನ್ನು ಸುಮ್ನೆ ಸುತ್ತಿಡಬೇಡಿ, ಬೂಷ್ಟು ಹಿಡಿಯುತ್ತದೆ.