ಮೊದಲ ವೆಸ್ಟರ್ನ್ ಡ್ರೆಸ್ಸೇಜ್ ಶೋ: ಅಂಕ ಹೋಗುವುದೆಲ್ಲಿ, ಉಳಿಯುವುದೆಲ್ಲಿ?

ಪ್ರಶ್ನೆ: ನಮ್ಮ ಮಗಳಿಗೆ 13 ವರ್ಷ. ಡಲ್ಲಾಸ್ ಹತ್ತಿರದ ಲಾಯವೊಂದರಲ್ಲಿ ಎರಡು ವರ್ಷದಿಂದ ವೆಸ್ಟರ್ನ್ (ಕೌಬಾಯ್ ಶೈಲಿಯ) ಜೀನಿನ ಮೇಲೆ ಸವಾರಿ ಕಲಿಯುತ್ತಿದ್ದಾಳೆ. ಈ ಸಲ ವೆಸ್ಟರ್ನ್ ಡ್ರೆಸ್ಸೇಜ್‌ಗೆ ಹೆಸರು ಕೊಡೋಣ ಎನ್ನುತ್ತಿದ್ದಾರೆ ಕೋಚ್. ನಮಗೆ ಇದರ ಗಂಧಗಾಳಿಯೂ ಇಲ್ಲ. ಯಾವ ಹಂತದಿಂದ ಶುರು ಮಾಡಬೇಕು?

ಉತ್ತರ: ಡ್ರೆಸ್ಸೇಜ್ ಎಂದರೆ ಅಳತೆ ಮಾಡಿದ ಅಂಗಳದಲ್ಲಿ, ಮೊದಲೇ ಬರೆದಿಟ್ಟ ಕ್ರಮದಲ್ಲಿ ಕುದುರೆಯನ್ನು ನಡೆಸಿ ತೋರಿಸುವುದು. ಅದನ್ನೇ ವೆಸ್ಟರ್ನ್ ಜೀನು, ವೆಸ್ಟರ್ನ್ ನಡಿಗೆಗಳಿಗೆ ಹೊಂದಿಸಿ ಕಟ್ಟಿದ ಸ್ಪರ್ಧೆ ಇದು. ವೆಸ್ಟರ್ನ್ ಡ್ರೆಸ್ಸೇಜ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಸಂಸ್ಥೆ 2010ರಲ್ಲಿ ಹುಟ್ಟಿತು; ಟೆಸ್ಟುಗಳನ್ನು, ಅಂದರೆ ಸವಾರ ಮಾಡಿ ತೋರಿಸಬೇಕಾದ ಚಲನೆಗಳ ಪಟ್ಟಿಗಳನ್ನು, ಬರೆದು ಹೊರತರುವುದು ಅದೇ. ಇಂಟ್ರೊ, ಬೇಸಿಕ್, ಆಮೇಲೆ ಲೆವೆಲ್ 1ರಿಂದ 5ರವರೆಗೆ ಹಂತಗಳಿವೆ. ಇಂಟ್ರೊದಲ್ಲಿ ನಡಿಗೆ ಮತ್ತು ಜಾಗ್ (ನಿಧಾನದ ಕುಕ್ಕುಲೋಟ) ಮಾತ್ರ. ಬೇಸಿಕ್‌ನಲ್ಲಿ ಲೋಪ್ (ಅದಕ್ಕಿಂತ ವೇಗದ, ನೆಗೆತದ ಓಟ) ಸೇರುತ್ತದೆ.

ಮಗಳು ಮನೆಯಂಗಳದಲ್ಲಿ ಲೋಪ್ ಚೆನ್ನಾಗಿಯೇ ಮಾಡುತ್ತಿರಬಹುದು. ಆದರೂ ಮೊದಲ ಶೋಗೆ ಇಂಟ್ರೊ ಸಾಕು. ಹೊಸ ಜಾಗ, ಧ್ವನಿವರ್ಧಕ, ಅಂಗಳದ ಅಂಚಿನ ಬಿಳಿ ಬೇಲಿ, ಹೂಕುಂಡ ಎಲ್ಲ ಕಂಡಾಗ ಕುದುರೆಯ ಗಮನ ಅರ್ಧ ಅತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಅಂಗಳದ ಅಂಚಿನಲ್ಲಿ ಗುರುತಿಗೆ ಇಟ್ಟ ಗೊತ್ತಾದ ಅಕ್ಷರದ ಬಳಿಯೇ ಸರಿಯಾದ ಕಾಲಿನಲ್ಲಿ ಲೋಪ್ ಎತ್ತಿಸುವುದು ಮಕ್ಕಳಿಗೆ ಭಾರವಾಗುತ್ತದೆ. ಮನೆಯಲ್ಲಿ ಸಲೀಸಾಗಿರುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹಂತಕ್ಕೆ ಹೆಸರು ಕೊಡಿ.

ಇನ್ನೊಂದು ಮಾತು. ಅವಳು ಈವರೆಗೆ ವೆಸ್ಟರ್ನ್ ಪ್ಲೆಷರ್ (ಕುದುರೆಯ ನಿಧಾನದ, ಸುಖಕರ ನಡೆಯನ್ನು ನೋಡುವ ಸ್ಪರ್ಧೆ) ಮಾಡಿದ್ದರೆ, ಅಲ್ಲಿ ಮೆಚ್ಚುಗೆ ಪಡೆಯುವ ತೀರಾ ನಿಧಾನದ, ಕಾಲೆಳೆಯುವಂಥ ಜಾಗ್ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಹಿಂಗಾಲು ಹೊಟ್ಟೆಯಡಿಗೆ ಬರಬೇಕು, ಬೆನ್ನು ಆಡಬೇಕು. ಜಾಗ್‌ಗೆ ಸ್ಪಷ್ಟವಾದ ಎರಡು ತಾಳ, ಲೋಪ್‌ಗೆ ಮೂರು. ಕುದುರೆಯನ್ನು ಹಿಡಿದು ಹಿಡಿದು ಲೋಪ್ ನಾಲ್ಕು ತಾಳಕ್ಕೆ ಒಡೆದುಹೋದರೆ ಅಂಕ ಇಳಿಯುತ್ತದೆ. ಇಂಟ್ರೊ, ಬೇಸಿಕ್‌ಗಳಲ್ಲಿ ಜಾಗ್ ಮಾಡುವಾಗ ಜೀನಿನಲ್ಲಿ ಕೂತೇ ಇರಬಹುದು, ತಾಳಕ್ಕೆ ಎದ್ದು ಕೂರಲೂಬಹುದು. ಯಾವುದರಲ್ಲಿ ಕುದುರೆ ಹಗುರಾಗಿ ಸಾಗುತ್ತದೋ ಅದನ್ನೇ ಮಾಡಲಿ.

ಪ್ರಶ್ನೆ: ಹೆಸರು ಕೊಡುವಾಗ ಏನೇನು ಕಾಗದ ಬೇಕು? ನಮ್ಮ ಕುದುರೆಯನ್ನು ಪಕ್ಕದ ರಾಜ್ಯಕ್ಕೆ ಒಯ್ಯಬೇಕಾಗುತ್ತದೆ.

ಉತ್ತರ: ಮೊದಲು ಆ ಶೋನ ಪ್ರೈಜ್ ಲಿಸ್ಟ್ ಪೂರ್ತಿ ಓದಿ. ಹೆಸರು ಕೊಡಲು ಕೊನೆಯ ದಿನ, ಕ್ಲಾಸಿನ ಸಂಖ್ಯೆ, ಲಾಯದ ಬಾಡಿಗೆ, ಸದಸ್ಯರಲ್ಲದವರ ಶುಲ್ಕ ಎಲ್ಲ ಅದರಲ್ಲೇ ಇರುತ್ತವೆ. ಅರ್ಜಿಗೆ ಸವಾರ, ಮಾಲೀಕ, ತರಬೇತುದಾರ ಮೂವರ ಸಹಿ ಬೇಕು. ಸವಾರ ಅಪ್ರಾಪ್ತರಾದರೆ ತಂದೆ ಅಥವಾ ತಾಯಿಯ ಸಹಿಯೂ ಬೇಕು. ಅರ್ಜಿ ವಾಪಸು ಬರುವುದು ಹೆಚ್ಚಾಗಿ ಈ ಸಹಿಯೊಂದು ಬಿಟ್ಟುಹೋಗಿ.

ಕುದುರೆಯದ್ದು ಮೂರು ಕಾಗದ. ಈಕ್ವೈನ್ ಇನ್‌ಫೆಕ್ಷಿಯಸ್ ಅನೀಮಿಯ ಇಲ್ಲವೆಂದು ತೋರಿಸುವ ರಕ್ತಪರೀಕ್ಷೆಯ ವರದಿ ಮೊದಲನೆಯದು. ಲಾಯದವರೆಲ್ಲ ಅದನ್ನು ‘ಕಾಗಿನ್ಸ್’ ಎನ್ನುತ್ತಾರೆ. 12 ತಿಂಗಳೊಳಗಿನದಾದರೆ ಹೆಚ್ಚಿನ ಕಡೆ ನಡೆಯುತ್ತದೆ, ಕೆಲವೆಡೆ 6 ತಿಂಗಳೊಳಗಿನದೇ ಬೇಕು. ರಾಜ್ಯದ ಗಡಿ ದಾಟುವುದರಿಂದ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಎರಡನೆಯದು. ಸಾಮಾನ್ಯವಾಗಿ ಅದರ ಆಯಸ್ಸು 30 ದಿನ, ಹಾಗಾಗಿ ತುಂಬ ಮುಂಚೆ ಮಾಡಿಸಿದರೆ ದುಡ್ಡು ದಂಡ. ಮೂರನೆಯದು ಲಸಿಕೆಯ ದಾಖಲೆ. ಅಮೆರಿಕದ ರಾಷ್ಟ್ರೀಯ ಅಶ್ವಕ್ರೀಡಾ ಫೆಡರೇಷನ್ನಿನ ಮಾನ್ಯತೆ ಇರುವ ಶೋಗಳಲ್ಲಿ ಫ್ಲೂ ಮತ್ತು ಹರ್ಪಿಸ್ ವೈರಸ್ ಲಸಿಕೆ ಕಳೆದ 6 ತಿಂಗಳೊಳಗೆ ಆಗಿರಬೇಕು. ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಕುತ್ತಿಗೆ ನೋಯುತ್ತದೆ, ಕುದುರೆ ಬಗ್ಗಲು ಒಲ್ಲೆನ್ನುತ್ತದೆ. ಶೋನ ವಾರದಲ್ಲಿ ಹಾಕಿಸಬೇಡಿ. ಇಂಥ ಶೋಗಳಲ್ಲಿ ಔಷಧ ಪರೀಕ್ಷೆಯೂ ಇರುವುದರಿಂದ, ಹತ್ತಿರ ಬಂದಾಗ ನೋವಿನ ಪುಡಿ, ಹೊಸ ಪೌಷ್ಟಿಕ ಪುಡಿ ಏನನ್ನೂ ವೈದ್ಯರನ್ನು ಕೇಳದೆ ಕೊಡಬೇಡಿ.

ಪ್ರಶ್ನೆ: ಬೆಳ್ಳಿ ಹೊದಿಸಿದ ಜೀನು, ಮಿಂಚುವ ಅಂಗಿ ಬೇಕೇ ಬೇಕಾ? ಹ್ಯಾಟ್ ಬದಲು ಹೆಲ್ಮೆಟ್ ಹಾಕಿದರೆ ಅಂಕ ಹೋಗುತ್ತದಾ?

ಉತ್ತರ: ಬೇಡ. ಹೋಗುವುದಿಲ್ಲ. ಕಾಲರ್ ಇರುವ ಅಂಗಿ, ಪ್ಯಾಂಟು, ಬೂಟು, ವೆಸ್ಟರ್ನ್ ಹ್ಯಾಟ್ ಇಲ್ಲವೇ ಹೆಲ್ಮೆಟ್ ಇದ್ದರೆ ಆಯಿತು. ಚಾಪ್ಸ್ (ಪ್ಯಾಂಟಿನ ಮೇಲೆ ಕಟ್ಟುವ ಚರ್ಮದ ಕಾಲುಹೊದಿಕೆ), ಸ್ಪರ್ (ಹಿಮ್ಮಡಿಯ ಮುಳ್ಳು) ನಿಮ್ಮಿಷ್ಟ. ಮಕ್ಕಳಿಗಂತೂ ಹೆಲ್ಮೆಟ್ಟೇ ಇರಲಿ. ಗಂಟಲ ಕೆಳಗಿನ ಪಟ್ಟಿಗೂ ಚರ್ಮಕ್ಕೂ ನಡುವೆ ಒಂದು ಬೆರಳು ಹೋಗುವಷ್ಟು ಮಾತ್ರ ಸಡಿಲವಿರಲಿ.

ಕಡಿವಾಣದ ವಿಷಯದಲ್ಲಿ ಹುಷಾರಾಗಿರಿ. ಸ್ನ್ಯಾಫಲ್ (ನೇರ ಎಳೆತದ ಕಡಿವಾಣ), ಬೋಸಲ್ (ಬಾಯಿಗೆ ಏನೂ ಹಾಕದ ಮೂಗಿನ ಪಟ್ಟಿ), ಕರ್ಬ್ (ಸನ್ನೆಯಂತೆ ಒತ್ತುವ ಕಡಿವಾಣ) ಮೂರಕ್ಕೂ ಅವಕಾಶವಿದ್ದರೂ ಒಳಗಿನ ಆಕಾರ, ಕರ್ಬಿನ ಪಕ್ಕದ ಸರಳಾದ ಶ್ಯಾಂಕಿನ ಉದ್ದಕ್ಕೆ ಮಿತಿಗಳಿವೆ. ಸವಾರಿಗೆ ಮುನ್ನವೇ ಶೋನ ಅಧಿಕಾರಿಗಳಾದ ಟೆಕ್ನಿಕಲ್ ಡೆಲಿಗೇಟ್ ಅಥವಾ ರಿಂಗ್ ಸ್ಟೂವರ್ಡ್‌ಗೆ ತೋರಿಸಿ ಕೇಳಿಕೊಂಡುಬಿಡಿ. ಕುದುರೆ ತಲೆ ಎತ್ತದಂತೆ ತಡೆಯುವ ಪಟ್ಟಿಗಳಾದ ಮಾರ್ಟಿಂಗೇಲ್, ಟೈ‌ಡೌನ್ ಹಾಕಿಕೊಂಡು ಟೆಸ್ಟಿಗೆ ಹೋಗುವಂತಿಲ್ಲ. ಅದಿಲ್ಲದೆ ನಿಮ್ಮ ಕುದುರೆ ತಲೆ ಎತ್ತಿ ಓಡುತ್ತದೆ ಎಂದಾದರೆ, ಈ ಸೀಸನ್ ಬಿಟ್ಟು ಮುಂದಿನದಕ್ಕೆ ನೋಡೋಣ ಎನ್ನುವುದೇ ಕುದುರೆಗೆ ನ್ಯಾಯ.

ಪ್ರಶ್ನೆ: ನಾನು ನಾರ್ತ್ ಕ್ಯಾರೊಲೈನಾದಲ್ಲಿದ್ದೇನೆ. ಮನೆಯಲ್ಲಿ ಚಿನ್ನದಂಥ ಕುದುರೆ, ಶೋನಲ್ಲಿ ಇಂಟ್ರೊ ಟೆಸ್ಟಿಗೆ 58 ಶೇಕಡಾ. ಅಂಕದ ಹಾಳೆಯಲ್ಲಿ ‘ವೃತ್ತ ಮೊಟ್ಟೆಯಾಕಾರ’, ‘ಹಿಗ್ಗಲಿಲ್ಲ’, ‘ಹಾಲ್ಟ್ (ನಿಲುಗಡೆ) ಓರೆ’ ಎಂದು ಬರೆದಿದ್ದಾರೆ. ಕುದುರೆ ಬದಲಿಸಬೇಕಾ?

ಉತ್ತರ: ಕುದುರೆಯನ್ನು ಬಿಡಿ, ಅಳತೆಯ ಟೇಪು ತೆಗೆದುಕೊಳ್ಳಿ. ನೀವು ಬರೆದ ಮೂರೂ ಸವಾರರ ತಪ್ಪು.

ಪ್ರತಿ ಚಲನೆಗೆ 0ಯಿಂದ 10ರವರೆಗೆ ಅಂಕ, ಅರ್ಧ ಅಂಕವೂ ಉಂಟು. 5 ಎಂದರೆ ಪರವಾಗಿಲ್ಲ, 6 ತೃಪ್ತಿಕರ, 7 ಸಾಕಷ್ಟು ಚೆನ್ನ. ಕೆಲವು ಚಲನೆಗಳಿಗೆ ಎರಡರಿಂದ ಗುಣಿಸುತ್ತಾರೆ. ಫ್ರೀ ವಾಕ್ (ಲಗಾಮು ಸಡಿಲಿಸಿದ ನಡಿಗೆ) ಸಾಮಾನ್ಯವಾಗಿ ಅಂಥದ್ದು. ಲೆಕ್ಕಕ್ಕೆ ಒಂದು ಟೆಸ್ಟಿನ ಗರಿಷ್ಠ ಅಂಕ 220 ಎಂದಿಟ್ಟುಕೊಳ್ಳಿ. ಫ್ರೀ ವಾಕ್ 5ರಿಂದ 7ಕ್ಕೆ ಏರಿದರೆ 4 ಅಂಕ. ಎರಡು ವೃತ್ತ, ಎರಡು ಹಾಲ್ಟ್ ತಲಾ ಒಂದೂವರೆ ಏರಿದರೆ 6. ಒಟ್ಟು 10 ಅಂಕ, ಅಂದರೆ ನಾಲ್ಕೂವರೆ ಶೇಕಡಾ. ಅದೇ ಕುದುರೆಯ ಮೇಲೆ 58 ಇದ್ದದ್ದು 62.5 ಆಯಿತು.

ಈಗ ವೃತ್ತ. ಚಿಕ್ಕ ಅಂಗಳ 20 ಮೀಟರ್ ಅಗಲ, 40 ಮೀಟರ್ ಉದ್ದ. ಮನೆಯಲ್ಲಿ ಗುರುತು ಹಾಕುವಾಗ ನಾಲ್ಕು ಮೂಲೆಗೆ ಕೋನ್ ಇಟ್ಟು ಕರ್ಣ ಅಳೆಯಿರಿ. ಎರಡೂ ಕರ್ಣ 44.72 ಮೀಟರ್ ಬಂದರೆ ಅಂಗಳದ ಮೂಲೆಗಳು ನೇರವಾಗಿವೆ. ಬರದಿದ್ದರೆ ನೀವು ಇಷ್ಟು ದಿನ ಓರೆ ಅಂಗಳದಲ್ಲಿ ನೇರ ಸವಾರಿ ಕಲಿತಿದ್ದೀರಿ. ಗಿಡ್ಡ ಬದಿಗಳ ನಡುವೆ ‘ಎ’ ಮತ್ತು ‘ಸಿ’. ಉದ್ದ ಬದಿಗಳಲ್ಲಿ ‘ಕೆ’, ‘ಎಫ್’, ‘ಎಚ್’, ‘ಎಂ’ ಮೂಲೆಯಿಂದ 6 ಮೀಟರ್ ದೂರ, ‘ಇ’ ಮತ್ತು ‘ಬಿ’ ನಟ್ಟನಡುವೆ. ಅಂಗಳದ ಮಧ್ಯಬಿಂದು ‘ಎಕ್ಸ್’.

‘ಎ’ ಬಳಿ 20 ಮೀಟರ್ ವೃತ್ತ ಎಂದರೆ ಅದು ಮುಟ್ಟುವ ಬಿಂದು ನಾಲ್ಕು: ‘ಎ’, ‘ಎಕ್ಸ್’, ಎರಡೂ ಉದ್ದ ಬದಿಗಳಲ್ಲಿ ಮೂಲೆಯಿಂದ 10 ಮೀಟರ್ ದೂರದ ಜಾಗ. ಆ 10 ಮೀಟರಿನ ಬಿಂದುವಿಗೆ ಅಕ್ಷರವಿಲ್ಲ, ಎಡವಟ್ಟಾಗುವುದು ಅಲ್ಲೇ. ಕಣ್ಣಿಗೆ ಕಾಣುವುದು ‘ಕೆ’ ಮತ್ತು ‘ಎಫ್’ ಆದ್ದರಿಂದ ಸವಾರ ಅಲ್ಲೇ ಬದಿ ಮುಟ್ಟಿಬಿಡುತ್ತಾರೆ, ಅಂದರೆ 4 ಮೀಟರ್ ಮುಂಚೆ. ಅದಕ್ಕಾಗಿ ಕುದುರೆಯನ್ನು ಮೂಲೆಗೆ ಇಳಿಸುತ್ತಾರೆ, ಆಮೇಲೆ ಬದಿಯಗುಂಟ ನೆಟ್ಟಗೆ ಹೋಗುತ್ತಾರೆ, ‘ಎಕ್ಸ್’ ದಾಟಿ ಹಿಂದಿರುಗುತ್ತಾರೆ. ಮೊಟ್ಟೆ ಸಿದ್ಧ!

ಚುಕ್ಕಿ ರಂಗೋಲಿ ಹಾಕಿದವರಿಗೆ ಇದು ಬೇಗ ಹಿಡಿಸುತ್ತದೆ. ಚುಕ್ಕಿ ಮೊದಲು, ಎಳೆ ಆಮೇಲೆ. ‘ಎ’ಯಿಂದ ನೇರವಾಗಿ 10 ಮೀಟರ್ ಒಳಗೆ ಒಂದು ಗೂಟ ಹೊಡೆದು 10 ಮೀಟರ್ ಹಗ್ಗ ಕಟ್ಟಿ ಸುತ್ತುಬನ್ನಿ, ನಾಲ್ಕು ಬಿಂದುವಿಗೂ ಸುಣ್ಣ ಹಾಕಿ, ಗೂಟ ಕಿತ್ತಿಡಿ. ಪ್ರತಿ ಬಿಂದುವನ್ನೂ ಕುದುರೆ ಒಂದೇ ಹೆಜ್ಜೆ ಮುಟ್ಟಬೇಕು, ಮರುಹೆಜ್ಜೆಗೆ ಬದಿ ಬಿಡಬೇಕು. ನಿಮ್ಮ ಕಣ್ಣು ಸದಾ ಮುಂದಿನ ಬಿಂದುವಿನ ಮೇಲಿರಲಿ. ಮೂರು ವಾರ ಹೀಗೆ ಮಾಡಿದ ಮೇಲೆ ಸುಣ್ಣ ಅಳಿಸಿ ನೋಡಿ. ಶೋ 60 ಮೀಟರಿನ ದೊಡ್ಡ ಅಂಗಳದಲ್ಲಿದ್ದರೆ ‘ಎ’ ವೃತ್ತ ‘ಎಕ್ಸ್’ವರೆಗೆ ಹೋಗುವುದಿಲ್ಲ, ಮಧ್ಯರೇಖೆಯಲ್ಲಿ ‘ಎ’ಯಿಂದ 18 ಮೀಟರ್ ದೂರದ ‘ಎಲ್’ ದಾಟಿ 2 ಮೀಟರಿಗೆ ತಿರುಗಬೇಕು. ಇದನ್ನು ಮರೆತು 30 ಮೀಟರ್ ಉದ್ದದ ವೃತ್ತ ಹಾಕುವವರನ್ನು ಪ್ರತಿ ಶೋನಲ್ಲೂ ಕಾಣಬಹುದು.

‘ಹಿಗ್ಗಲಿಲ್ಲ’ ಎಂದದ್ದು ಫ್ರೀ ವಾಕ್ ಬಗ್ಗೆ ಇರಬೇಕು. ಕುದುರೆ ಕುತ್ತಿಗೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿ, ಮುಂಗಾಲಿನ ಗೊರಸಿನ ಗುರುತು ದಾಟಿ ಹಿಂಗಾಲು ಊರಬೇಕು. ಸವಾರರು ಲಗಾಮನ್ನು ದಬಕ್ಕನೆ ಬಿಟ್ಟುಬಿಡುತ್ತಾರೆ. ಆಸರೆ ತಪ್ಪಿದ ಕುದುರೆ ತಲೆ ಎತ್ತಿ ಅತ್ತಿತ್ತ ನೋಡುತ್ತದೆ. ಬೆರಳ ಸಂದಿಯಲ್ಲಿ ಲಗಾಮು ಜಾರಲಿ, ಕುದುರೆ ಕೇಳಿದಷ್ಟೇ ಕೊಡಿ, ಕಾಲನ್ನು ಒಂದೊಂದಾಗಿ ಅದರ ಪಕ್ಕೆಯ ಓಲಾಟಕ್ಕೆ ತಾಗಿಸಿ. ಮತ್ತೆ ಒಟ್ಟುಮಾಡುವಾಗ ಮೂರು ನಾಲ್ಕು ಸಲ ಚಿಕ್ಕ ಚಿಕ್ಕದಾಗಿ ಎಳೆದುಕೊಳ್ಳಿ. ಒಂದೇ ಸಲ ಎಳೆದರೆ ಕುದುರೆ ಜಾಗ್‌ಗೆ ಜಿಗಿಯುತ್ತದೆ, ಫ್ರೀ ವಾಕ್‌ನಲ್ಲಿ ಗಳಿಸಿದ್ದು ಅಲ್ಲೇ ಸೋರಿಹೋಗುತ್ತದೆ.

ಇನ್ನು ಓರೆ ಹಾಲ್ಟ್. ಮಧ್ಯರೇಖೆಯಲ್ಲಿ ಬರುವಾಗ ‘ಸಿ’ಯಲ್ಲಿ ಕೂತ ನ್ಯಾಯಾಧೀಶರಿಗೆ ಕುದುರೆಯ ಎದೆ ಕನ್ನಡಿಯಂತೆ ಕಾಣುತ್ತದೆ, ಒಂದು ಗೇಣು ವಾಲಿದರೂ ಗೊತ್ತಾಗುತ್ತದೆ. ನಿಧಾನಿಸಿದಷ್ಟೂ ಕುದುರೆ ತೂಗಾಡುತ್ತದೆ. ಸೈಕಲ್ಲಿನ ಹಾಗೆ, ವೇಗವಿದ್ದರೆ ನೇರ. ಲಗಾಮು ಎಳೆದು ನಿಲ್ಲಿಸಬೇಡಿ. ಉಸಿರು ಬಿಟ್ಟು ಸೊಂಟ ನಿಲ್ಲಿಸಿ, ಎರಡೂ ಕಾಲು ಪಕ್ಕೆಗೆ ಮೆಲ್ಲಗೆ ತಾಗಿರಲಿ. ನಿಂತ ಮೇಲೆ ಲಗಾಮು ಒಂದೇ ಕೈಗೆ, ಇನ್ನೊಂದು ಕೈ ಕೆಳಗೆ, ತಲೆ ಬಾಗಿಸಿ, ಮನಸ್ಸಿನಲ್ಲಿ ಮೂರು ಎಣಿಸಿ. ಹೆಚ್ಚಿನವರು ಒಂದೂವರೆಗೇ ಹೊರಟುಬಿಡುತ್ತಾರೆ.

ಪ್ರಶ್ನೆ: ಶೋ ದಿನ ಎಷ್ಟು ಹೊತ್ತು ವಾರ್ಮ್ ಅಪ್ ಮಾಡಬೇಕು? ಟೆಸ್ಟನ್ನು ಯಾರಾದರೂ ಓದಿ ಹೇಳಬಹುದಾ?

ಉತ್ತರ: ನಿಮ್ಮ ಸಮಯದಿಂದ ಹಿಂದಕ್ಕೆ ಎಣಿಸಿ. 9:42ಕ್ಕೆ ಸವಾರಿ ಎಂದಾದರೆ 8:50ಕ್ಕೆ ಜೀನು, 9:10ಕ್ಕೆ ಕುದುರೆಯ ಮೇಲೆ, ಮೊದಲ 8–10 ನಿಮಿಷ ಬರೀ ನಡಿಗೆ, 9:35ಕ್ಕೆ ಗೇಟಿನ ಬಳಿ. ಟೆಕ್ಸಾಸಿನ ಜುಲೈ ಬಿಸಿಲಿನಲ್ಲಿ ಇದರಿಂದ 10 ನಿಮಿಷ ಕಡಿಮೆ ಮಾಡಿ. ವಾರ್ಮ್ ಅಪ್‌ನಲ್ಲಿ ಹೊಸದೇನನ್ನೂ ಕಲಿಸಲು ಹೋಗಬೇಡಿ. ಸರದಿ ಬಂದಾಗ ಅಂಗಳದ ಹೊರಗಡೆ ಎರಡೂ ದಿಕ್ಕಿನಲ್ಲಿ ಒಂದೊಂದು ಸುತ್ತು ಹಾಕಿ, ನ್ಯಾಯಾಧೀಶರ ಮೇಜು, ಹೂಕುಂಡ ಕುದುರೆಗೆ ತೋರಿಸಿ. ಗಂಟೆ ಹೊಡೆಯುವ ಮುನ್ನ ಒಳಗೆ ಕಾಲಿಡುವಂತಿಲ್ಲ.

ಓದಿ ಹೇಳಬಹುದು. ಆದರೆ ಹಾಳೆಯಲ್ಲಿರುವುದನ್ನು ಬಿಟ್ಟು ‘ಹಿಮ್ಮಡಿ ಕೆಳಗೆ’, ‘ನಿಧಾನ ಪುಟ್ಟಿ’ ಎಂದೆಲ್ಲ ಸೇರಿಸಿದರೆ ಅದು ಹೊರಗಿನ ನೆರವಾಗುತ್ತದೆ. ಹಿಂದಿನ ಚಲನೆ ಅರ್ಧಕ್ಕೆ ಬಂದಾಗಲೇ ಮುಂದಿನದನ್ನು ಓದಬೇಕು, ಗಾಳಿಯಿದ್ದರೆ ಇನ್ನೂ ಗಟ್ಟಿಯಾಗಿ. ಆದರೂ ಟೆಸ್ಟು ಬಾಯಿಪಾಠ ಇರಲೇಬೇಕು. ದಾರಿ ತಪ್ಪಿದರೆ ನ್ಯಾಯಾಧೀಶರು ಗಂಟೆ ಹೊಡೆಯುತ್ತಾರೆ. ನಿಂತು, ಎಲ್ಲಿಂದ ಶುರು ಮಾಡಬೇಕೆಂದು ಕೇಳಿ ಮುಂದುವರಿಯಿರಿ. ಮೊದಲ ತಪ್ಪಿಗೆ 2 ಅಂಕ ಹೋಗುತ್ತದೆ. ಗಾಬರಿಯಲ್ಲಿ ಮುಂದಿನ ಮೂರು ಚಲನೆ ಕೆಡಿಸಿಕೊಂಡರೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಇಂಗ್ಲಿಷ್ ಜೀನಿನ ಮೇಲೆ ಡ್ರೆಸ್ಸೇಜ್ ಕಲಿಯುತ್ತಿದ್ದೇನೆ. ಇಲ್ಲಿಂದಲೇ ವೆಸ್ಟರ್ನ್ ಡ್ರೆಸ್ಸೇಜ್‌ನಲ್ಲಿ ಸ್ಪರ್ಧಿಸಬಹುದಾ?

ಉತ್ತರ: 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡ ಚಿನ್ನ ಗೆದ್ದದ್ದು ನೀವು ಕಲಿಯುತ್ತಿರುವ ಡ್ರೆಸ್ಸೇಜ್‌ನಲ್ಲೇ. ಅಂಗಳ, ಅಕ್ಷರ, ವೃತ್ತದ ಲೆಕ್ಕ ಎರಡಕ್ಕೂ ಒಂದೇ ಆದ್ದರಿಂದ ಅರ್ಧ ಕೆಲಸ ಮುಗಿದಿದೆ. ಅಮೆರಿಕದ ಅಸೋಸಿಯೇಷನ್ ವಿಡಿಯೊ ಮೂಲಕ ಇಂಟರ್‌ನ್ಯಾಷನಲ್ ಚಾಲೆಂಜ್ ನಡೆಸುತ್ತದೆ. ಸವಾರಿ ಮಾಡಿ ಚಿತ್ರೀಕರಿಸಿ ಕಳಿಸಿದರೆ ನ್ಯಾಯಾಧೀಶರ ಅಂಕ, ಟಿಪ್ಪಣಿ ಬರುತ್ತವೆ. ಕ್ಯಾಮೆರಾ ‘ಸಿ’ಯ ಹಿಂದೆ ಸ್ಟ್ಯಾಂಡಿನ ಮೇಲಿರಲಿ, ಸೂರ್ಯ ಅದರ ಬೆನ್ನಿಗಿರಲಿ. ಟೆಸ್ಟಿನ ಶುರುವಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ತೆಗೆಯಿರಿ, ನಡುವೆ ಕತ್ತರಿ ಹಾಕಬೇಡಿ.

ತೊಡಕಿರುವುದು ಜೀನಿನಲ್ಲಿ. ಕಾನ್ಪುರದವರು ರಫ್ತಿಗೆಂದು ವೆಸ್ಟರ್ನ್ ಜೀನು ಮಾಡುತ್ತಾರೆ, ಆದರೆ ಅದರ ಒಳಗಿನ ಚೌಕಟ್ಟು ಹೆಚ್ಚಾಗಿ ಅಗಲ ಬೆನ್ನಿನ ಅಮೆರಿಕನ್ ತಳಿಯಾದ ಕ್ವಾರ್ಟರ್ ಹಾರ್ಸ್‌ಗೆ ಅಳತೆ ಮಾಡಿದ್ದು. ನಮ್ಮ ರೈಡಿಂಗ್ ಶಾಲೆಗಳಲ್ಲಿ ರೇಸಿನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್‌ಗಳು ಸಾಕಷ್ಟಿವೆ. ಅವುಗಳ ಹೆಗಲೆಲುಬು ಎತ್ತರ, ಬೆನ್ನು ಕಿರಿದು. ಅಗಲದ ಚೌಕಟ್ಟು ಅದರ ಮೇಲೆ ಕುಸಿದು ಎಲುಬಿಗೆ ಒರೆಯುತ್ತದೆ. ಕುದುರೆ ಬೆನ್ನು ತಗ್ಗಿಸಿ, ಜಾಗ್ ಗಿಡ್ಡ ಮಾಡಿ, ಕಿವಿ ಹಿಂದಕ್ಕೆ ಹಾಕುತ್ತದೆ. ಕೊಳ್ಳುವ ಮುನ್ನ ಕಂಬಳಿ ಹಾಕದೆ ಜೀನನ್ನು ಬರಿಬೆನ್ನಿಗೆ ಇಟ್ಟು ನೋಡಿ: ಹೆಗಲೆಲುಬಿಗೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಆಮೇಲೆ 20 ನಿಮಿಷ ಸವಾರಿ ಮಾಡಿ ಇಳಿಸಿ, ಬೆವರಿನ ಗುರುತು ನೋಡಿ. ಸುತ್ತೆಲ್ಲ ಒದ್ದೆಯಾಗಿ ನಡುವೆ ಅಂಗೈಯಗಲ ಒಣಗಿದ ಜಾಗ ಕಂಡರೆ ಅಲ್ಲಿ ಒತ್ತುತ್ತಿರಬಹುದು, ಇಲ್ಲವೇ ಜೀನು ತಾಗದೆ ಉಳಿದಿರಬಹುದು; ಹೇಗಿದ್ದರೂ ಆ ಜೀನು ವಾಪಸು ಕೊಡಿ.