‘ಹೊಂದಾಣಿಕೆ ತೊಂದರೆ’ ಎಂದು ಬಂದ ಪ್ರಕರಣ

(ವಿದ್ಯಾರ್ಥಿನಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಅರುಣಾಚಲ ಪ್ರದೇಶದಿಂದ ಬಂದು ಬೆಂಗಳೂರಿನಲ್ಲಿ ಸ್ನಾತಕೋತ್ತರ ಪದವಿಯ ಮೊದಲ ವರ್ಷ ಓದುತ್ತಿದ್ದ ವಿದ್ಯಾರ್ಥಿನಿಯನ್ನು ವಿದ್ಯಾರ್ಥಿನಿಲಯದ ವಾರ್ಡನ್ ನಮ್ಮ ಆಪ್ತಸಲಹಾ ಕೇಂದ್ರಕ್ಕೆ ಕಳುಹಿಸಿದ್ದರು. ಜೊತೆಗಿದ್ದ ಪತ್ರದಲ್ಲಿ ‘ಹೊಂದಾಣಿಕೆ ತೊಂದರೆ, ಯಾರೊಡನೆಯೂ ಬೆರೆಯುವುದಿಲ್ಲ, ಮೆಸ್‌ಗೆ ಬರುವುದಿಲ್ಲ, ಹಾಜರಾತಿ ಕಡಿಮೆಯಾಗಿದೆ’ ಎಂದು ಬರೆದಿತ್ತು. ಆಕೆಗೆ ರಾತ್ರಿ ಎರಡು ಗಂಟೆಯವರೆಗೂ ನಿದ್ರೆ ಬರುತ್ತಿರಲಿಲ್ಲ. ಪದೇ ಪದೇ ಕಾಡುತ್ತಿದ್ದ ತಲೆನೋವಿಗೆ ವೈದ್ಯರ ತಪಾಸಣೆಯಲ್ಲಿ ಕಾರಣ ಸಿಕ್ಕಿರಲಿಲ್ಲ.

ಮೊದಲ ಭೇಟಿಗಳಲ್ಲಿ ಆಕೆ ನಿದ್ರೆಯ ವಿಷಯ ಬಿಟ್ಟು ಬೇರೇನೂ ಮಾತನಾಡಲಿಲ್ಲ. ಉಳಿದದ್ದು ನಿಧಾನವಾಗಿ ಹೊರಬಂತು. ಮುಖ್ಯದ್ವಾರದಲ್ಲಿ ಗೆಳತಿಯರು ಮಾತನಾಡಿಕೊಂಡು ಒಳಗೆ ಹೋಗುವಾಗ ಕಾವಲುಗಾರರು ಆಕೆಯೊಬ್ಬಳನ್ನೇ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಿದ್ದರು. ಯಾವ ದೇಶದಿಂದ ಬಂದದ್ದು ಎಂದು ಅಧ್ಯಾಪಕರೊಬ್ಬರು ತರಗತಿಯಲ್ಲೇ ವಿಚಾರಿಸಿದ್ದರು. ಹೆಸರು ಉಚ್ಚರಿಸಲು ಕಷ್ಟವೆಂದು ಸಹಪಾಠಿಗಳು ಆಕೆಗೆ ‘ಮೋಮೊ’ ಎಂದು ಹೆಸರಿಟ್ಟಿದ್ದರು. ತಾಯಿ ಕಳುಹಿಸಿದ್ದ ಹುದುಗು ಬರಿಸಿದ ಕಳಲೆ ಮತ್ತು ಒಣಮೀನಿನ ಪೊಟ್ಟಣವನ್ನು ಸಹವಾಸಿಗಳು ಕೋಣೆಯ ಹೊರಗಿಟ್ಟು, ಆಮೇಲೆ ಕೋಣೆ ಬದಲಿಸಿಕೊಡುವಂತೆ ವಾರ್ಡನ್‌ಗೆ ಅರ್ಜಿ ಕೊಟ್ಟಿದ್ದರು. ನಾಲ್ವರ ಗುಂಪು ಕಟ್ಟಿಕೊಂಡು ಪ್ರಾಜೆಕ್ಟ್ ಮಾಡಿ ಎಂದು ಅಧ್ಯಾಪಕರು ಹೇಳಿದಾಗಲೆಲ್ಲ ಕೊನೆಗೆ ಉಳಿಯುತ್ತಿದ್ದವರು ಇಬ್ಬರೇ: ಆಕೆ ಮತ್ತು ಆಫ್ರಿಕಾದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿ. “ಬೈದಿದ್ದರೆ ದೂರು ಕೊಡಬಹುದಿತ್ತು ಮೇಡಂ, ಇವರು ನಗುತ್ತಾರೆ. ನಾನೂ ನಗಬೇಕು” ಎಂದಳು.

ಆಕೆ ಅತಿಸೂಕ್ಷ್ಮ ಸ್ವಭಾವದವಳು ಎಂಬ ಮಾತು ವಿಭಾಗದಲ್ಲಿ ಚಾಲ್ತಿಯಲ್ಲಿತ್ತು. ಆದರೆ ಆಕೆಯ ಎಚ್ಚರಿಕೆಗೆ ಒಂದು ಇತಿಹಾಸವಿದೆ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ ಅವರಲ್ಲಿ ಆಕೆಯ ಸೋದರಮಾವನೂ ಇದ್ದರು. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯ ಲಾಜಪತ್ ನಗರದಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡ ಸುದ್ದಿ ಆಕೆಯ ಬಾಲ್ಯದಲ್ಲಿ ಮನೆಮನೆಯ ಮಾತಾಗಿತ್ತು. ಆ ಸಾವಿನ ನಂತರವೇ ಈಶಾನ್ಯದವರು ಬೇರೆ ರಾಜ್ಯಗಳಲ್ಲಿ ಎದುರಿಸುವ ತೊಂದರೆಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿಯನ್ನು ನೇಮಿಸಿತು. ಕತ್ತಲಾಗುವ ಮೊದಲು ಹಾಸ್ಟೆಲ್ ಸೇರು ಎಂದು ತಾಯಿ ದಿನವೂ ಫೋನಿನಲ್ಲಿ ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಇಷ್ಟನ್ನು ಹೊತ್ತು ಬಂದವಳಿಗೆ ತಮಾಷೆಯೆಂದು ಆಡಿದ ಮಾತು ತಮಾಷೆಯಾಗಿಯೇ ಕೇಳಿಸಬೇಕೆಂದು ಬಯಸುವುದು ಅನ್ಯಾಯ.

ಹೀಗಾಗಿ ವಾರ್ಡನ್ ಅವರ ಪತ್ರದಲ್ಲಿದ್ದ ನಿರ್ಣಯವನ್ನು ನಾನು ಒಪ್ಪಲಿಲ್ಲ. ಬೆರೆಯದಿರುವುದು ಇಲ್ಲಿ ರೋಗವಲ್ಲ, ಮತ್ತೆ ಮತ್ತೆ ಹೊರಗಿಟ್ಟದ್ದರ ಫಲ. ಆತ್ಮವಿಶ್ವಾಸ ಬೆಳೆಸುವ ತರಬೇತಿಯನ್ನಷ್ಟೇ ಕೊಟ್ಟು ಕಳುಹಿಸಿದ್ದರೆ, ತಪ್ಪು ನಿನ್ನದೇ ಎಂದು ಸಲಹಾ ಕೇಂದ್ರವೂ ಮೊಹರು ಒತ್ತಿದಂತಾಗುತ್ತಿತ್ತು.

ಆಕೆಯೊಡನೆ ಮೊದಲು ಕೈಗೆತ್ತಿಕೊಂಡದ್ದು ನಿದ್ರೆ ಮತ್ತು ಊಟ, ಏಕೆಂದರೆ ಬಳಲಿದ ದೇಹದಲ್ಲಿ ಯಾವ ನಿರ್ಧಾರವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಅದರ ಜೊತೆಗೆ, ನಡೆದದ್ದನ್ನು ದಿನಾಂಕ, ಸ್ಥಳ, ಆಡಿದ ಮಾತು ಮತ್ತು ಅಲ್ಲಿದ್ದವರ ಹೆಸರಿನೊಡನೆ ಅಂದಂದೇ ಬರೆದಿಡುವಂತೆ ಹೇಳಿದೆ. ದೂರು ಕೊಡುವುದಾದರೆ ಇದು ಆಧಾರವಾಗುತ್ತದೆ; ಕೊಡದಿದ್ದರೂ ‘ಇದೆಲ್ಲ ನನ್ನ ಕಲ್ಪನೆಯೇ?’ ಎಂಬ ಅನುಮಾನ ತಗ್ಗುತ್ತದೆ. ತನ್ನ ನಾಡಿನ ಬಗ್ಗೆ ಎಲ್ಲರಿಗೂ ಪಾಠ ಹೇಳುವ ಹೊಣೆ ಆಕೆಯದಲ್ಲ ಎಂಬುದನ್ನೂ ಸ್ಪಷ್ಟಪಡಿಸಿದೆ. ಈ ಮಾತಿನಿಂದ ಆಕೆಗಾದ ನಿರಾಳ ನಾನು ಎಣಿಸಿದ್ದಕ್ಕಿಂತ ಹೆಚ್ಚು.

ದೂರಿನ ದಾರಿಗಳನ್ನೂ ವಿವರಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ರ‍್ಯಾಗಿಂಗ್ ತಡೆ ನಿಯಮಗಳಿಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬಣ್ಣ, ಜನಾಂಗ, ಜಾತಿ, ಪ್ರಾದೇಶಿಕ ಮೂಲ, ಭಾಷೆ ಮುಂತಾದವುಗಳ ಕಾರಣಕ್ಕೆ ವಿದ್ಯಾರ್ಥಿಯನ್ನು ದೈಹಿಕವಾಗಿ ಅಥವಾ ಮಾನಸಿಕವಾಗಿ ಹಿಂಸಿಸುವುದೂ ರ‍್ಯಾಗಿಂಗ್ ಆಗುತ್ತದೆ. ಗುಂಪಿನಿಂದ ಹೊರಗಿಡುವುದೂ ಅದರಲ್ಲಿ ಸೇರಿದೆ, ಹೊಸಬರಿಗಷ್ಟೇ ಅನ್ವಯಿಸುವ ನಿಯಮವೂ ಅದಲ್ಲ. ಸಹಾಯವಾಣಿ 1800-180-5522. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆಗಾಗಿ ಯುಜಿಸಿ 2012ರಲ್ಲಿ ಮಾಡಿದ ನಿಯಮಗಳು ಸಮಾನ ಅವಕಾಶ ಕೋಶವನ್ನೂ ತಾರತಮ್ಯ ತಡೆಗೆ ಒಬ್ಬ ಅಧಿಕಾರಿಯನ್ನೂ ಹೊಂದಿರುವಂತೆ ಹೇಳಿವೆ. ಆಕೆ ಎಲ್ಲವನ್ನೂ ಕೇಳಿ, ಆಂತರಿಕ ಅಂಕಗಳು ಅದೇ ಅಧ್ಯಾಪಕರ ಕೈಯಲ್ಲಿವೆ, ಈಗ ದೂರು ಬೇಡ ಎಂದಳು. ಅದು ಅಂಜಿಕೆಯ ಮಾತಲ್ಲ, ಲೆಕ್ಕ ಹಾಕಿ ಆಡಿದ ಮಾತು, ನಾನು ಒತ್ತಾಯಿಸಲಿಲ್ಲ.

ದೂರಿಲ್ಲದೆಯೂ ಆಗಬಹುದಾದ ಬದಲಾವಣೆಗಳಿದ್ದವು. ಆಕೆಯ ಅನುಮತಿ ಪಡೆದು, ಹೆಸರು ಹೇಳದೆ ವಿಭಾಗದ ಮುಖ್ಯಸ್ಥರನ್ನೂ ವಾರ್ಡನ್ ಅವರನ್ನೂ ಕಂಡೆ. ಗುಂಪುಗಳನ್ನು ವಿದ್ಯಾರ್ಥಿಗಳ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ಮಾಡುವುದು, ದ್ವಾರದಲ್ಲಿ ಎಲ್ಲರ ಗುರುತಿನ ಚೀಟಿ ನೋಡುವುದು ಅಥವಾ ಯಾರದನ್ನೂ ನೋಡದಿರುವುದು, ಹಾಜರಿ ಕರೆಯುವವರು ಹೆಸರಿನ ಉಚ್ಚಾರಣೆಯನ್ನು ಆಯಾ ವಿದ್ಯಾರ್ಥಿಯಿಂದಲೇ ಕೇಳಿ ಕಲಿಯುವುದು, ಇವು ನನ್ನ ಸಲಹೆಗಳು. ಮುಖ್ಯಸ್ಥರು ‘ಈಶಾನ್ಯ ಸಂಸ್ಕೃತಿ ದಿನ’ ಆಚರಿಸೋಣ ಎಂದರು. ಒಂದು ದಿನ ವೇದಿಕೆಯ ಮೇಲೆ ಕುಣಿಸಿ ಉಳಿದ ದಿನ ಮೂಲೆಯಲ್ಲಿ ಕೂರಿಸುವುದರಿಂದ ಏನೂ ಆಗದೆಂದು ನಾನು ಹೇಳಿದ್ದು ಅವರಿಗೆ ಅಷ್ಟಾಗಿ ರುಚಿಸಲಿಲ್ಲ. ಊಟದ ವಿಷಯದಲ್ಲಿ ವಾರ್ಡನ್ ಅವರಿಗೇ ಹೊಳೆಯಿತು: ಅವರು ಮಲೆನಾಡಿನವರು, ಮಳೆಗಾಲದಲ್ಲಿ ಅವರ ಮನೆಯಲ್ಲೂ ಕಳಲೆಯನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕುತ್ತಾರೆ, ಅದಕ್ಕೂ ವಾಸನೆ ಇರುತ್ತದೆ. ಸಾಮಾನ್ಯ ಅಡುಗೆಕೋಣೆಯಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಗಳಿಗೆ ಒಂದು ಕಪಾಟು ಸಿಕ್ಕಿತು.

ಎರಡನೆಯ ಸೆಮಿಸ್ಟರ್‌ನಲ್ಲಿ ಚೀಟಿ ಎತ್ತುವ ಪದ್ಧತಿ ಜಾರಿಗೆ ಬಂತು. ನಿದ್ರೆ ಸುಧಾರಿಸಿದೆ, ಹಾಜರಾತಿಯೂ ಏರಿದೆ. ಕೋಣೆಯ ಸಹವಾಸಿಗಳಲ್ಲಿ ಒಬ್ಬಳು ತಾನಾಗಿ ಬಂದು ಕ್ಷಮೆ ಕೇಳಿದಳು, ಇನ್ನೊಬ್ಬಳು ಮಾತು ಬಿಟ್ಟಿದ್ದಾಳೆ. ದ್ವಾರದ ತಪಾಸಣೆ ಕೆಲವು ವಾರ ಎಲ್ಲರಿಗೂ ನಡೆದು ಮತ್ತೆ ಹಳೆಯ ಚಾಳಿಗೆ ಮರಳಿತು. ಭದ್ರತಾ ಗುತ್ತಿಗೆದಾರರಿಗೆ ಲಿಖಿತ ಸೂಚನೆ ಕೊಡಬೇಕೆಂದು ಕುಲಸಚಿವರಿಗೆ ನಾನು ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಫಲಿತಾಂಶ ಪ್ರಕಟವಾದ ಮೇಲೆ, ತಾನು ಬರೆದಿಟ್ಟ ಟಿಪ್ಪಣಿಗಳನ್ನು ಲಗತ್ತಿಸಿ ಸಮಾನ ಅವಕಾಶ ಕೋಶಕ್ಕೆ ದೂರು ಕೊಡುವುದಾಗಿ ಆಕೆ ತಿಳಿಸಿದ್ದಾಳೆ.