ರಾತ್ರಿ ಪಾಳಿಗೆ ಚಾಕು ಇಟ್ಟುಕೊಂಡರೆ ಕೆಲಸದಿಂದ ತೆಗೆಯಬಹುದಾ?

ನಿಮ್ಮ ಪ್ರಶ್ನೆ ಓದಿ ನನ್ನ ಕೊಯ್ತಾ, ಅಂದರೆ ಕಬ್ಬು ಕಡಿಯುವ ಮಚ್ಚು, ನೆನಪಾಯಿತು. ನೀವು ಬಾಗಲಕೋಟೆಯ ನವನಗರದಲ್ಲಿ ರಾತ್ರಿಯಿಡೀ ತೆರೆದಿರುವ ಮೆಡಿಕಲ್ ಅಂಗಡಿಯಲ್ಲಿದ್ದೀರಿ. ಚಾಕು, ಪೆಪ್ಪರ್ ಸ್ಪ್ರೇ ಯಾವುದನ್ನೂ ತರುವಂತಿಲ್ಲ ಎಂದು ಕಂಪನಿ ಸಹಿ ಹಾಕಿಸಿಕೊಂಡಿದೆ. ಹಾಗಾದರೆ ಜೀವ ಉಳಿಸಿಕೊಳ್ಳುವ ನನ್ನ ಹಕ್ಕು ಎಲ್ಲಿ ಹೋಯಿತು, ಅಮೆರಿಕದಲ್ಲಿ ಹೀಗಿಲ್ಲವಂತಲ್ಲ ಎಂದು ಕೇಳಿದ್ದೀರಿ.

ನಾನು ವಕೀಲನಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಪೆಟ್ರೋಲ್ ಬಂಕ್ ಒಂದರಲ್ಲಿ 9 ವರ್ಷ ರಾತ್ರಿ ಪಾಳಿ ಮಾಡಿದವನು.

ಸೇರಿದ ಎರಡನೇ ತಿಂಗಳಿಗೇ ಮನೆಯಿಂದ ಆ ಕೊಯ್ತಾ ತಂದು ಗಲ್ಲಾದ ಕೆಳಗೆ, ಹಳೇ ಬಿಲ್ ಬುಕ್ಕುಗಳ ಹಿಂದೆ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ. ಒಂದು ದಿನ ಸ್ಟಾಕ್ ರಿಜಿಸ್ಟರ್ ಹುಡುಕುತ್ತಿದ್ದ ಮಾಲಕರ ಕೈಗೆ ಸಿಕ್ಕಿತು.

"ಏನ್ ತಮ್ಮಾ, ಇಲ್ಲಿ ಕಬ್ಬು ಕಡಿಯಾಕ ಬಂದೀ ಏನ್?"

"ರಾತ್ರಿ ಯಾರಾರ ಬಂದ್ರ ಏನ್ ಮಾಡೂದ್ರಿ ಮಾಲಕ್ರ?"

"ರೊಕ್ಕ ಕೊಟ್ಟು ಕಳಸು. ರೊಕ್ಕ ನಂದು, ಜೀವ ನಿಂದು."

ಮಾತು ಚೆನ್ನಾಗಿತ್ತು. ಆದರೆ ಗಲ್ಲಾದಲ್ಲಿ 300 ರೂಪಾಯಿ ಕಡಿಮೆ ಬಂದರೂ ಅದೇ ಮಾಲಕರು ನಮ್ಮ ಪಗಾರದಲ್ಲಿ ಹಿಡಿಯುತ್ತಿದ್ದರು. ಎರಡಕ್ಕೂ ತಾಳೆ ಆಗುವುದಿಲ್ಲ, ಅಲ್ವಾ? ಕೊಟ್ಟು ಕಳಿಸು ಅನ್ನುವವರು, ಹಾಗೆ ಕೊಟ್ಟ ದುಡ್ಡನ್ನು ಪಗಾರದಲ್ಲಿ ಹಿಡಿಯುವುದಿಲ್ಲ ಎಂದು ಬರೆದು ಕೊಡಬೇಕು. ಚಾಕು ಬೇಡ ಎಂಬ ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ನಿಯಮ ಬರೆದು ಅಷ್ಟಕ್ಕೇ ಕೈ ತೊಳೆದುಕೊಳ್ಳುವುದರ ಮೇಲೆ ಸಿಟ್ಟಿದೆ.

ಬಂಕಿನಲ್ಲಿ ಜಗಳ ತರುವವರು ಕಳ್ಳರಿಗಿಂತ ಗಿರಾಕಿಗಳೇ ಜಾಸ್ತಿ. ಬಾಟಲಿಗೆ ಪೆಟ್ರೋಲ್ ಹಾಕು ಅನ್ನುವವರು, ಬೀಡಿ ಆರಿಸಿ ಅಂದರೆ ಮೈಮೇಲೆ ಬರುವವರು, ಹಳೇ ಸ್ಕ್ರೀನ್‌ಶಾಟ್ ತೋರಿಸಿ ಫೋನ್‌ಪೇ ಆಗಿದೆ ಅನ್ನುವವರು. ಒಂದು ರಾತ್ರಿ ಎರಡು ಗಂಟೆ ಸುಮಾರಿಗೆ ಇಬ್ಬರು ಬೈಕಿನಲ್ಲಿ ಬಂದರು. ಕುಡಿದಿದ್ದರು. ಸೌಂಡ್ ಬಾಕ್ಸ್ ಕೂಗಿಲ್ಲ, ದುಡ್ಡು ಬಂದಿಲ್ಲ ಅಂದೆ. ಒಬ್ಬ ನನ್ನ ಕಾಲರ್ ಹಿಡಿದ, ಇನ್ನೊಬ್ಬ ಸೊಂಟದಿಂದ ಚಾಕು ತೆಗೆದ. ನನ್ನ ಜೊತೆಗಿದ್ದ ಹುಡುಗ ಗೋಡೆಗೆ ಒರಗಿಸಿದ್ದ ಡಿಪ್ ರಾಡ್ ಎತ್ತಿದ. ನೆಲದಡಿಯ ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇದೆ ಎಂದು ಅಳೆಯುವ, ಆಳಿಗಿಂತ ಉದ್ದದ ಹಿತ್ತಾಳೆ ಕೋಲು ಅದು. ಚಾಕು ಹಿಡಿದ ಕೈಗೆ ಒಂದೇ ಏಟು. ಚಾಕು ಕೆಳಗೆ ಬಿತ್ತು. ಹುಡುಗ ಮತ್ತೆ ಹೊಡೆಯಲಿಲ್ಲ. ಅವರು ಬೈಕ್ ಹತ್ತಿ ಹೋದರು, ನಾನು 112ಕ್ಕೆ ಫೋನ್ ಮಾಡಿದೆ.

ಮರುದಿನ ಠಾಣೆಯಲ್ಲಿ ಪಿಎಸ್‌ಐ ಸಿಸಿಟಿವಿ ಎರಡು ಸಲ ನೋಡಿದರು. ಚಾಕು ಬಿದ್ದ ಮೇಲೂ ಹೊಡೆದಿರಾ ಎಂದರು. ಇಲ್ಲ. ಈ ಕೋಲು ಅಲ್ಲಿ ಯಾಕಿತ್ತು ಎಂದರು. ಅದು ಅಲ್ಲೇ ಇರಬೇಕಾದ ಸಾಮಾನು. ಕೋಲಿನ ಜಾಗದಲ್ಲಿ ನನ್ನ ಕೊಯ್ತಾ ಇದ್ದಿದ್ದರೆ ಒಬ್ಬನ ಕೈ ಹೋಗುತ್ತಿತ್ತು, ಈ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಇರುತ್ತಿರಲಿಲ್ಲ. (ಅಂದಹಾಗೆ ರಾಡ್ ಸ್ವಲ್ಪ ಬಾಗಿತ್ತು. ಹೊಸದರ ದುಡ್ಡು ಯಾರು ಕೊಡಬೇಕು ಎಂದು ಒಂದು ವಾರ ಚರ್ಚೆ ನಡೆಯಿತು!)

ಈಗ ಕಾನೂನಿಗೆ ಬರೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯದ್ದೇ. ಹಳೇ ಐಪಿಸಿಯಲ್ಲಿ ಇವು 96ರಿಂದ 106. ಕಂಪನಿಯ ಯಾವ ಕಾಗದವೂ ಈ ಹಕ್ಕನ್ನು ಕಿತ್ತುಕೊಳ್ಳಲಾರದು. ಸಹಿ ಹಾಕಿದ್ದೇನೆ ಅಂತ ಸುಮ್ನೆ ಹೊಡೆಸಿಕೊಂಡು ನಿಲ್ಲಬೇಕಿಲ್ಲ. ಆದರೆ 37ನೇ ಕಲಂ ಓದಿ. ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ, ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಹಕ್ಕೇ ಇಲ್ಲ. ಕೇಸ್ ಕೋರ್ಟಿಗೆ ಹೋದರೆ, ಜೀವ ಉಳಿಸಿಕೊಳ್ಳಲು ಹೊಡೆದೆ ಎಂದು ತೋರಿಸಬೇಕಾದವರು ನೀವೇ.

ಹೊಡೆತ ತಡೆಯುವ ಹಕ್ಕು ಬೇರೆ, ಆಯುಧ ತರುವ ಹಕ್ಕು ಬೇರೆ. ನೀವು ಎರಡನ್ನೂ ಒಂದು ಮಾಡಿಕೊಂಡಿದ್ದೀರಿ. 2016ರ ಆಯುಧ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆಬಳಕೆಗೆ, ಒಕ್ಕಲುತನಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ ಇದೆ. ಆದರೆ ಗಲ್ಲಾದ ಕೆಳಗಿನ ಕೊಯ್ತಾ ಕಂಡು ಒಕ್ಕಲುತನ ಎಂದು ಯಾರು ನಂಬುತ್ತಾರೆ? ಸಣ್ಣ ಚಾಕುವಿಗೆ ಲೈಸೆನ್ಸ್ ಬೇಡ ನಿಜ. ಆದರೂ ಅಂಗಡಿ ಅವರದ್ದು, ತರಬೇಡಿ ಎನ್ನಲು ಅವರಿಗೆ ಅಧಿಕಾರ ಇದೆ.

ಪೆಪ್ಪರ್ ಸ್ಪ್ರೇಗೂ ಲೈಸೆನ್ಸ್ ಬೇಡ. ಆದರೆ 2024ರಲ್ಲಿ ಬೆಂಗಳೂರಿನ ಅಂಗಡಿಯೊಂದರ ಜಗಳದ ಕೇಸಿನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಅಪಾಯಕಾರಿ ಆಯುಧ ಎಂದೇ ಕರೆಯಿತು. ಸ್ಪ್ರೇ ಹೊಡೆದವರ ಪ್ರಾಣಕ್ಕೆ ಅಪಾಯ ಇದ್ದಂತೆ ಕಾಣುವುದಿಲ್ಲ ಎಂದು ಹೇಳಿ, ಅವರ ಮೇಲಿನ ಕೇಸ್ ರದ್ದು ಮಾಡಲು ಒಪ್ಪಲಿಲ್ಲ. ಅದೂ ಅಲ್ಲದೆ, ಎಸಿ ಹಾಕಿ ಮುಚ್ಚಿದ ಮೆಡಿಕಲ್ ಅಂಗಡಿಯಲ್ಲಿ ಅದನ್ನು ಹೊಡೆದರೆ ಮೊದಲು ಕೆಮ್ಮುವವರು ನೀವೇ. ನಮ್ಮ ಹುಡುಗನೊಬ್ಬ ಆನ್‌ಲೈನಿನಲ್ಲಿ ಕರೆಂಟ್ ಹೊಡೆಯುವ ಟಾರ್ಚ್ ತರಿಸಿದ್ದ. ಪೆಟ್ರೋಲ್ ಆವಿ ಇರುವ ಕಡೆ ಕಿಡಿ! ಅವತ್ತು ಅವನಿಗೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ.

ಕೆಲಸದಿಂದ ತೆಗೆಯಬಹುದಾ? ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಂ ಪ್ರಕಾರ, ಸತತ 6 ತಿಂಗಳು ಕೆಲಸ ಮಾಡಿದವರನ್ನು ತೆಗೆಯಲು ಸರಿಯಾದ ಕಾರಣ ಬೇಕು, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಪಗಾರ ಕೊಡಬೇಕು. ಎರಡೂ ಇಲ್ಲದೆ ತೆಗೆಯಬೇಕೆಂದರೆ, ವಿಚಾರಣೆ ನಡೆಸಿ ತಪ್ಪು ಸಾಬೀತು ಮಾಡಬೇಕು. ನೀವು ಚಾಕು ತಂದು ಸಿಕ್ಕಿಬಿದ್ದರೆ ಆ ಸಾಬೀತಿನ ಕೆಲಸ ಅವರಿಗೆ ಸುಲಭ. ಮೈಮೇಲೆ ಬಂದವನನ್ನು ಕೈಗೆ ಸಿಕ್ಕ ಸ್ಟೂಲಿನಿಂದ ತಡೆದಿದ್ದಕ್ಕೆ ತೆಗೆದರೆ, ಹೋರಾಡಲು ನಿಮಗೆ ಜಾಗ ಇದೆ.

ಅಮೆರಿಕದಲ್ಲೂ ನೀವು ಅಂದುಕೊಂಡ ಹಾಗಿಲ್ಲ. ಕೆಲಸದ ಜಾಗಕ್ಕೆ ಬಂದೂಕು ಬೇಡ ಎಂದು ಅಲ್ಲಿನ ಕಂಪನಿಗಳೂ ಹೇಳಬಹುದು. ಫ್ಲಾರಿಡಾದಲ್ಲಿ 2008ರಲ್ಲಿ ಬಂದ ಕಾನೂನು, ಪಾರ್ಕಿಂಗಿನಲ್ಲಿ ನಿಂತ ಸ್ವಂತ ಕಾರಿನೊಳಗೆ ಬೀಗ ಹಾಕಿ ಇಡಲು ಬಿಡುತ್ತದೆ, ಅಷ್ಟೇ. ನಿಮ್ಮ ಪ್ರಶ್ನೆಗೆ ಹತ್ತಿರದ್ದು ಯೂಟಾ ರಾಜ್ಯದ್ದು. ಆಯುಧ ತೆಗೆದ ಅಂಗಡಿ ಕಳ್ಳರನ್ನು ಹಿಡಿದು ತಡೆದ ನೌಕರರನ್ನು ವಾಲ್‌ಮಾರ್ಟ್ ಕೆಲಸದಿಂದ ತೆಗೆದಿತ್ತು. ಹಿಂದೆ ಸರಿಯಲು ದಾರಿಯೇ ಇಲ್ಲದಾಗ ತನ್ನನ್ನು ಕಾಪಾಡಿಕೊಂಡವನನ್ನು ಅದೇ ಕಾರಣಕ್ಕೆ ತೆಗೆಯುವಂತಿಲ್ಲ ಎಂದು 2015ರಲ್ಲಿ ಯೂಟಾ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ದಾರಿ ಇದ್ದರೆ ಸರಿಯಲೇಬೇಕು.

ನಿಮ್ಮ ಭಯ ಸುಳ್ಳಲ್ಲ. 2025ರ ಸೆಪ್ಟೆಂಬರಿನಲ್ಲಿ ನಮ್ಮ ಚಡಚಣದ ಬ್ಯಾಂಕಿಗೆ ಪಿಸ್ತೂಲು ಹಿಡಿದು ನುಗ್ಗಿ, ಸಿಬ್ಬಂದಿಯನ್ನು ಕಟ್ಟಿಹಾಕಿ ಚಿನ್ನ ಒಯ್ದರು. ಆದರೆ ಅಂಥವರ ಮುಂದೆ ನಿಮ್ಮ ಜೇಬಿನ ಚಾಕು ಏನು ಮಾಡೀತು?

ನಮ್ಮ ಬಂಕಿನಲ್ಲಿ ಆ ರಾತ್ರಿಯ ನಂತರ ನಾವು ಆರು ಜನ ಸೇರಿ ಮಾಲಕರಿಗೆ ಕಾಗದ ಬರೆದೆವು. ಮೇಲೆ ಸಂದಿ ಇರುವ ಕಬ್ಬಿಣದ ಪೆಟ್ಟಿಗೆ ಬಂತು. ಗಂಟೆಗೊಮ್ಮೆ ನೋಟು ಅದರೊಳಗೆ ಹಾಕುವುದು, ಕೀಲಿ ಮಾಲಕರ ಮನೆಯಲ್ಲಿ. ರಾತ್ರಿ ಒಬ್ಬರೇ ಇರುವ ಪಾಳಿ ನಿಂತಿತು. ಪಗಾರ ಹಿಡಿಯುವ ವಿಷಯಕ್ಕೆ ಮಾತ್ರ ಎರಡು ತಿಂಗಳು ಜಗ್ಗಾಡಿದರು. ನೀವು ಇದರ ಜೊತೆಗೆ, ರಾತ್ರಿ 11ರ ಮೇಲೆ ಜಾಲರಿ ಬಾಗಿಲು ಹಾಕಿ ಕಿಂಡಿಯಿಂದಲೇ ಔಷಧಿ ಕೊಡುತ್ತೇವೆ ಎಂದೂ ಕೇಳಿ. ಕನ್ನಡದಲ್ಲಿ ಒಂದು ಪುಟ ಸಾಕು. ನಿಮ್ಮ ಜೊತೆಯವರೂ ಸಹಿ ಹಾಕಲಿ, ಮುಟ್ಟಿದ್ದಕ್ಕೆ ಝೆರಾಕ್ಸ್ ಮೇಲೆ ಸಹಿ ತೆಗೆದುಕೊಳ್ಳಿ, ಆ ಝೆರಾಕ್ಸ್ ಮನೆಯಲ್ಲಿಡಿ, ಅಂಗಡಿಯಲ್ಲಿ ಬೇಡ.